ಮನೆಗಾಡಿಯ ಹೊರಪೆಟ್ಟಿಗೆ

ಕೌಟೊಕೈನೊ
ಅಕ್ಟೋಬರ್ 17

ಅಕ್ಕಾ ಓಲೌಗ್,

ಲಕೋಟೆಯೊಳಗೆ ಇನ್ನೊಂದು ಲಕೋಟೆ ಇದೆ, ಗಾಬರಿಯಾಗಬೇಡ. ಅದು ಐಲಿಫ್‌ಗೆ. ನಿನ್ನೂರಿನ ಅಂಚೆಚೀಟಿ ಹಚ್ಚಿ, ನಿನ್ನೂರಿನ ಡಬ್ಬಿಗೇ ಹಾಕು. ನಾನು ಬರ್ಗನ್ ಹತ್ತಿರ, ನಿಮ್ಮ ಕೊಟ್ಟಿಗೆಯ ಪಕ್ಕದಲ್ಲಿ, ಮಳೆಯಲ್ಲಿ ನೆನೆಯುತ್ತ ಗಾಡಿ ನಿಲ್ಲಿಸಿಕೊಂಡಿದ್ದೇನೆ ಎಂದು ಅವನು ತಿಳಿದಿದ್ದಾನೆ. ಹಾಗೇ ತಿಳಿದಿರಲಿ.

ನಿಜವಾಗಿ ನಿಂತಿರುವುದು ನಾರ್ವೆಯ ನೆತ್ತಿಯಲ್ಲಿ. ಇಲ್ಲಿ ಈಸ್ಟರ್‌ವರೆಗೆ ಮನೆಮನೆಗೆ ಹೋಗುವ ನರ್ಸಿನ ಕೆಲಸ ಒಪ್ಪಿಕೊಂಡಿದ್ದೇನೆ. ಬಾಡಿಗೆ ಕೋಣೆ ಇಡೀ ಊರಿನಲ್ಲಿ ಒಂದೂ ಇಲ್ಲ. ನಮ್ಮ ಮೇಲಧಿಕಾರಿ ಬೆರಿತ್ ಆರೋಗ್ಯ ಕೇಂದ್ರದ ಹಿಂದೆ ಜಾಗ ತೋರಿಸಿ, "ನಿನ್ ಮನೇನ ನೀನೇ ಎಳ್ಕೊಂಡ್ ಬಂದಿದ್ದೀಯಲ್ಲ, ಬಸವನಹುಳು ಥರ, ಇಲ್ಲೇ ಇರು" ಅಂದಳು. ಜಾಗದ ಪಕ್ಕ ಒಂದು ಕರೆಂಟು ಕಂಬ. ಸಿಬ್ಬಂದಿಯ ಕಾರುಗಳ ಎಂಜಿನ್ ಬೆಚ್ಚಗಾಗಲೆಂದು ಬೆಳಿಗ್ಗೆ ಐದರಿಂದ ಏಳರವರೆಗೆ ಮಾತ್ರ ಅದಕ್ಕೆ ಜೀವ.

ಅವನಿಗೆ ಏಕೆ ಹೇಳುವುದಿಲ್ಲ ಎಂದು ನೀನು ಕೇಳುತ್ತೀ. ಮೈನಸ್ ಡಿಗ್ರಿ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಟ್ರೊನ್‌ಹೈಮಿನಿಂದ ಸಾವಿರದ ಇನ್ನೂರು ಕಿಲೋಮೀಟರ್ ಓಡಿಸಿಕೊಂಡು ಬಂದು ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಸಿದುಕೊಳ್ಳುತ್ತಾನೆ. ಕಸಿದುಕೊಳ್ಳುತ್ತಾನೆ ಎಂದರೆ ಸುಳ್ಳಾಗುತ್ತದೆ. "ತಾ ಇಲ್ಲಿ" ಅಂತ ಮೆತ್ತಗೆ ತೆಗೆದುಕೊಳ್ಳುತ್ತಾನೆ. ಇಪ್ಪತ್ತಾರು ವರ್ಷ ಮೆತ್ತಗೆ ತೆಗೆದುಕೊಂಡ. ಬೇರೆಯಾಗುವಾಗ ಅವನಿಗೆ ಮನೆ ಬಂತು, ನನಗೆ ಮನೆಗಾಡಿ ಬಂತು. ಆದರೆ ಗಾಡಿಯ ವೈರುಗಳನ್ನೆಲ್ಲ ಎಳೆದವನು ಅವನೇ. ಯಾವುದಕ್ಕೂ ಒಂದು ಚೀಟಿ ಅಂಟಿಸಿಲ್ಲ, ನಕ್ಷೆಯೆಲ್ಲ ಅವನ ತಲೆಯಲ್ಲಿದೆ. ಬ್ಯಾಟರಿ ಸತ್ತಿದೆ. ಕೇಳದೆ ವಿಧಿಯಿಲ್ಲ, ಕೇಳಿದರೆ ಬರುತ್ತಾನೆ, ಬಂದರೆ ಮುಗಿಯಿತು.

ಈ ಚಳಿಗಾಲವನ್ನು ಈ ಗಾಡಿಯಲ್ಲಿ ನನ್ನ ಕೈಯಾರೆ ದಾಟಿದರೆ ದಾಟಿದೆ. ಇಲ್ಲವಾದರೆ ನನಗಿರುವುದು ಅವನ ಮನೆಯ ಕೆಳಗಿನ ತಳಮನೆ. ಅಷ್ಟೇ ಲೆಕ್ಕ, ಅಕ್ಕಾ. ಐವತ್ತೆಂಟಾಯಿತು, ದೊಡ್ಡ ಲೆಕ್ಕ ಮಾಡಲು ಸುಸ್ತು.

ನಿನ್ನ ತಂಗಿ
ಯೋರುನ್

*

ಬರ್ಗನ್ ಹತ್ತಿರ
ಅಕ್ಟೋಬರ್ 17

ಐಲಿಫ್,

ಫೋನು ಮಾಡದೆ ಕಾಗದ ಬರೆಯಬೇಕೆಂದು, ಬೇರೆಯಾಗುವಾಗ ನಾವು ಕಂಡ ಆ ಸಲಹೆಗಾರ್ತಿ ಹೇಳಿದಾಗ ನೀನು ನಕ್ಕಿದ್ದೆ. "ನಮ್ ಅಂಚೆಯೋರು ದಿನ ಬಿಟ್ಟು ದಿನ ಬರ್ತಾರೆ, ಅಷ್ಟರಲ್ಲಿ ಯಾರ ಕೋಪಾನೂ ಆರತ್ತೆ" ಅಂದಿದ್ದಳು. ಅವಳ ಮಾತಿನಂತೆ ಬರೆಯುತ್ತಿದ್ದೇನೆ. ಕೋಪವೇನೂ ಇಲ್ಲ, ಕೆಲಸವಿದೆ.

ಮನೆ ಬ್ಯಾಟರಿಗಳು ಎರಡೂ ಹೋದ ಹಾಗಿವೆ. ಎಂಜಿನ್ನಿನದು ಚೆನ್ನಾಗಿದೆ, ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಓಡಿಸುವ ಆ ಎರಡು ಸೀಸದ ಡಬ್ಬಿಗಳ ವಿಷಯ ಹೇಳುತ್ತಿದ್ದೇನೆ. ಬೆಳಿಗ್ಗೆ ಎದ್ದು ನೋಡಿದರೆ 10.9 ವೋಲ್ಟ್. ಹೀಟರಿಗೆ ಗ್ಯಾಸ್ ಇದೆ, ಬೆಂಕಿ ಇದೆ, ಆದರೆ ಬಿಸಿಗಾಳಿ ತಳ್ಳುವ ಫ್ಯಾನು ನರಳಿ ನಿಂತುಬಿಡುತ್ತದೆ.

ಕರೆಂಟು ದಿನಕ್ಕೆ ಎರಡೇ ಗಂಟೆ ಸಿಗುತ್ತದೆ. ಭಾವ ತೋರ್ಲೈಫ್ ಕೊಟ್ಟಿಗೆಯ ಪ್ಲಗ್ಗಿಗೆ ಟೈಮರ್ ಇಟ್ಟಿದ್ದಾನೆ, ಜಿಪುಣ. ಗಾಡಿ ಹೆಚ್ಚು ಓಡಾಡುವುದಿಲ್ಲ. ಯಾವ ಬ್ಯಾಟರಿ ತರಲಿ, ಹೇಗೆ ಚಾರ್ಜ್ ಮಾಡಲಿ, ಇಷ್ಟು ಬರೆ. ಬರುವುದು ಬೇಡ, ಬರೆದರೆ ಸಾಕು.

ಇಲ್ಲಿ ಮಳೆ.

ಯೋರುನ್

*

ಟ್ರೊನ್‌ಹೈಮ್
ಅಕ್ಟೋಬರ್ 26

ಯೋರುನ್‌ಗೆ,

10.9 ಎಂದರೆ ನಾಡಿ ಹಿಡಿದು ನೋಡುವ ಅಗತ್ಯವೇ ಇಲ್ಲ. ನೀನು ನರ್ಸ್, ನಿನಗೆ ಗೊತ್ತು. ಏಳು ವರ್ಷ ದುಡಿದವು, ಮರಣ ಸಹಜ, ಸಂತಾಪ.

ಮೂವತ್ತು ವರ್ಷ ದೋಣಿಗಳಿಗೆ ವೈರು ಎಳೆದವನು ಹೇಳುತ್ತಿದ್ದೇನೆ, ಮತ್ತೆ ಸೀಸದ್ದನ್ನು ತರಬೇಡ. ಸೀಸ ಕರೆಂಟು ಕುಡಿಯುವುದು ನನ್ನ ಅಪ್ಪ ಗಂಜಿ ಕುಡಿದ ಹಾಗೆ. ಮೊದಲು ನಾಲ್ಕು ಚಮಚ ಗಟಗಟ, ಆಮೇಲೆ ಒಂದೊಂದು ಚಮಚಕ್ಕೂ ಒಂದೊಂದು ಕಥೆ. ಪೂರ್ತಿ ತುಂಬಲು ಹತ್ತು ಗಂಟೆ ಬೇಕು, ನಿನಗಿರುವುದು ಎರಡು. ಅರ್ಧಹೊಟ್ಟೆಯಲ್ಲೇ ದಿನವೂ ಮಲಗಿದರೆ ಅದು ಒಳಗೊಳಗೇ ಗಟ್ಟಿಕಟ್ಟಿ ಇನ್ನೆರಡು ಚಳಿಗಾಲಕ್ಕೆ ಸಾಯುತ್ತದೆ. ಮೇಲಾಗಿ ನೂರು ಎಂದು ಬರೆದಿದ್ದರೆ ಐವತ್ತೇ ಬಳಸಬಹುದು. ಉಳಿದ ಐವತ್ತು ಬರೀ ಹೊರಲಿಕ್ಕೆ.

ಲಿಥಿಯಂ ತಾ. ಇನ್ನೂರು ಆಂಪಿಯರ್ ಗಂಟೆಯದು ಒಂದೇ ಸಾಕು. ಕೊನೆಯ ಗುಟುಕಿನವರೆಗೂ ಒಂದೇ ವೇಗದಲ್ಲಿ ಕುಡಿಯುತ್ತದೆ. ನಿನ್ನ ಫ್ಯಾನು, ದೀಪ, ಪಂಪು ಸೇರಿ ದಿನಕ್ಕೆ ನಲವತ್ತು ತಿನ್ನುತ್ತವೆ. ಮೂವತ್ತು ಆಂಪಿಯರಿನ ಚಾರ್ಜರ್ ಎರಡು ಗಂಟೆಗೆ ಅರವತ್ತು ಕೊಡುತ್ತದೆ. ತೋರ್ಲೈಫ್ ಜಿಪುಣನಾದರೂ ನೀನು ಬದುಕುತ್ತೀ. ನೆನಪಿಗೆ ಇರಲೆಂದು:

ಸೀಸಕ್ಕೆ ತೂಕ ಜಾಸ್ತಿ, ಶಕ್ತಿ ನಾಸ್ತಿ,
ಲಿಥಿಯಮ್ಮಿಗೆ ಬೆಲೆ ಜಾಸ್ತಿ, ಆದರೂ ಅದೇ ಆಸ್ತಿ.

ನಗಬೇಡ. ಕಳೆದ ತಿಂಗಳು ಪಕ್ಕದ ಮನೆಯವನ ಐವತ್ತನೇ ಹುಟ್ಟುಹಬ್ಬಕ್ಕೆ ಹದಿನಾಲ್ಕು ನುಡಿಯ ಹಾಡು ಕಟ್ಟಿಕೊಟ್ಟೆ, ಎಲ್ಲರೂ ಎದ್ದುನಿಂತು ಹಾಡಿದರು. ಅವನ ಹೆಂಡತಿ ಮಾತ್ರ ಕೂತೇ ಇದ್ದಳು. ಒಂಬತ್ತನೇ ನುಡಿ ಅವಳ ಬಗ್ಗೆ ಇತ್ತು.

ಹಳೆಯ ಚಾರ್ಜರ್ ಕಿತ್ತುಹಾಕು. ಸೀಸ ಗಟ್ಟಿಕಟ್ಟದಿರಲೆಂದು ಅದು ಆಗಾಗ ವೋಲ್ಟೇಜ್ ಏರಿಸಿ ಚುಚ್ಚುತ್ತದೆ. ಲಿಥಿಯಂ ಆ ಚುಚ್ಚುಮಾತು ಸಹಿಸುವ ಜಾತಿಯಲ್ಲ. ಹೊಸದು 14.4ಕ್ಕೆ ಏರಿ ಅಲ್ಲಿಗೆ ಸುಮ್ಮನಾಗಬೇಕು. ಬಿಚ್ಚುವಾಗ ಮೊದಲು ಕಪ್ಪು, ಆಮೇಲೆ ಕೆಂಪು. ಕಟ್ಟುವಾಗ ಕೆಂಪು ಮೊದಲು. ಬ್ಯಾಟರಿಯನ್ನು ಹಳೆಯವು ಇದ್ದ ಹೊರಪೆಟ್ಟಿಗೆಯಲ್ಲೇ ಇಡು. ಸೀಸ ಗಾಳಿ ಬಿಡುತ್ತದೆಂದು ಅದನ್ನು ಗಾಡಿಯ ಹೊರಮೈಗೆ ಮಾಡಿದ್ದೆ, ಕೇಬಲ್ಲಿನ ಅಳತೆಯೂ ಅಲ್ಲಿಗೇ ಇದೆ.

ಇನ್ನೊಂದು ಎಚ್ಚರಿಕೆ ಇದೆ, ಆದರೆ ಅದು ಚಳಿಯೂರಿನವರಿಗೆ. ಬರ್ಗನ್ನಿನಲ್ಲಿ ಕೊಡೆಯೊಂದಿದ್ದರೆ ಸಾಕು. ಕಾಗದ ಉದ್ದ ಮಾಡುವುದಿಲ್ಲ.

ತಳಮನೆ ಖಾಲಿ ಇದೆ. ನೆಲದಡಿಗೆ ಬಿಸಿತಂತಿ ಹಾಕಿಸಿದ್ದೇನೆ. ಹೇಳಿದೆ, ಅಷ್ಟೆ.

ಐಲಿಫ್

*

ಓಸ್, ಬರ್ಗನ್ ಹತ್ತಿರ
ಅಕ್ಟೋಬರ್ 30

ಲೇ ಯೋರುನ್,

ನಾನೇನು ನಿನ್ನ ಅಂಚೆ ಕಚೇರಿಯೇನೇ? ಐಲಿಫ್‌ನ ಕಾಗದ ಇದರೊಳಗಿದೆ. ಲಕೋಟೆ ಸರಿಯಾಗಿ ಅಂಟಿರಲಿಲ್ಲ, ಆದ್ದರಿಂದ ಓದಿದೆ. ಸರಿಯಾಗಿ ಅಂಟಿದ್ದರೂ ಓದುತ್ತಿದ್ದೆ.

ನನ್ನ ಗಂಡ ಯಾವತ್ತು ಜಿಪುಣನಾದ? ಪಾಪ, ಆ ಮನುಷ್ಯ ನಿನ್ನ ಗಾಡಿಗೆ ಹೋದ ಬೇಸಿಗೆಯಲ್ಲಿ ಎರಡು ಟಯರು ತಂದುಕೊಟ್ಟ. ಈಗ ಟ್ರೊನ್‌ಹೈಮಿನವರ ಬಾಯಲ್ಲಿ ಅವನು ಟೈಮರ್ ಇಟ್ಟ ಜಿಪುಣ. ಅವನಿಗೆ ಹೇಳಿದೆ. "ಇರ್ಲಿ ಬಿಡು, ನನ್ ಹೆಸರಲ್ಲಿ ಯಾರಿಗಾದ್ರೂ ಉಪಕಾರ ಆದ್ರೆ ಸಾಕು" ಅಂದ. ಜಿಪುಣ ಆಡುವ ಮಾತೇ ಅದು?

ಒಂದು ಗಂಭೀರವಾದ ಮಾತು. "ಚಳಿಯೂರಿನವರಿಗೆ" ಎಂದು ಅವನೇನೋ ಬಿಟ್ಟಿದ್ದಾನೆ. ನೀನಿರುವುದಕ್ಕಿಂತ ಚಳಿಯ ಊರು ಈ ದೇಶದಲ್ಲಿ ಇದೆಯೇನೇ? ಕೇಳು. ಸುಳ್ಳು ಹೇಳಿದ್ದೆ ಎಂದು ಒಂದು ಸಾಲು ಬರೆದು ಕೇಳು.

ಓಲೌಗ್

*

ಕೌಟೊಕೈನೊ
ನವೆಂಬರ್ 20

ಅಕ್ಕಾ,

ಕೇಳಲಿಲ್ಲ. ಬೈಯಬೇಡ. ಆ ಸಾಲನ್ನು ಮೂರು ಸಲ ಓದಿದೆ. ಬ್ಯಾಟರಿಯ ಜೊತೆ ಬಂದ ಪುಸ್ತಕ ತೆರೆದೆ, ಅದು ಜರ್ಮನ್ ಭಾಷೆಯಲ್ಲಿತ್ತು. ಹನ್ನೆರಡು ಮನೆ ಸುತ್ತಿ ಬಂದ ಸಂಜೆ ಯಾರು ಜರ್ಮನ್ ಓದುತ್ತಾರೆ? ಮುಚ್ಚಿಟ್ಟೆ.

ಒಳಗಿನ ಲಕೋಟೆಯಲ್ಲಿ ನಿಮ್ಮ ಶೆಡ್ಡಿನಲ್ಲಿ ಬ್ಯಾಟರಿ ಬದಲಿಸಿದೆ ಎಂದು ಐಲಿಫ್‌ಗೆ ಬರೆದಿದ್ದೇನೆ. ನಿಜವಾಗಿ ಬದಲಿಸಿದ್ದು ಇಲ್ಲಿನ ಅಗ್ನಿಶಾಮಕ ಠಾಣೆಯಲ್ಲಿ. ಅಲ್ಲಿನ ಐಸಾಕ್ ಎರಡು ದಿನ ಬೆಚ್ಚಗಿನ ಹಾಲ್ ಬಿಟ್ಟುಕೊಟ್ಟ. ಬಾಗಿಲಲ್ಲಿ ಕಾಫಿ ಹಿಡಿದು ನಿಂತು ನೋಡಿದ.

"ನರ್ಸಮ್ಮಾ, ಬೆಂಕಿ ಬಿದ್ರೆ ನಾವು ಎಲ್ಲಿಗೂ ಹೋಗ್ಬೇಕಾಗಿಲ್ಲ, ಅದೊಂದು ಅನುಕೂಲ."

"ನಿನ್ ಕಾಫಿ ನೀನು ಕುಡಿ," ಅಂದೆ.

"ಸಹಾಯ ಮಾಡ್ಲಾ?"

"ಬೇಡ."

"ಹಾಗಾದ್ರೆ ಇನ್ನೊಂದ್ ಲೋಟ ತರ್ತೀನಿ." ಅಂದವನು ನನಗೂ ಒಂದು ತಂದ. ಇಲ್ಲಿನವರು ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆ, ಅಕ್ಕಾ. ಅದೆಷ್ಟು ಆರಾಮ ಎಂದು ನಿನಗೆ ಹೇಳಿ ಪ್ರಯೋಜನವಿಲ್ಲ, ತೋರ್ಲೈಫ್ ಒಳ್ಳೆಯವನು.

ಯೋರುನ್

*

ಬರ್ಗನ್ ಹತ್ತಿರ
ನವೆಂಬರ್ 20

ಐಲಿಫ್,

ಆಯಿತು. ಕಪ್ಪು ಮೊದಲು, ಕೆಂಪು ಆಮೇಲೆ. ಹಳೆಯವು ಒಂದೊಂದೂ ಮೂವತ್ತು ಕಿಲೋ ಇದ್ದವು, ಹಲಗೆ ಇಳಿಜಾರು ಇಟ್ಟು ಜಾರಿಸಿದೆ, ರೋಗಿಗಳನ್ನು ಮಂಚದಿಂದ ಕುರ್ಚಿಗೆ ಸರಿಸುವ ಹಾಗೆ. ಹೊಸದು ಇಪ್ಪತ್ತೆರಡು ಕಿಲೋ, ಎತ್ತಿಯೇ ಇಟ್ಟೆ. ಚಾರ್ಜರ್ ಬದಲಿಸಿದೆ. ಶೆಡ್ಡಿನಲ್ಲಿ ಒಂದು ಇಡೀ ದಿನ ಚಾರ್ಜ್ ಮಾಡಿ ತುಂಬಿಸಿದೆ. 14.4ಕ್ಕೆ ಹೋಗಿ ನಿಂತು 13.4ಕ್ಕೆ ಇಳಿದು ಸುಮ್ಮನೆ ಕೂತಿತು. ನಾನೂ ಪಕ್ಕದಲ್ಲಿ ಸುಮ್ಮನೆ ಕೂತೆ.

ಫ್ಯಾನು ಈಗ ನರಳುವುದಿಲ್ಲ. ನಿನ್ನ ಪ್ರಾಸ ಹೋದ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚುವಾಗ ಬಾಯಿಗೇ ಬಂತು. "ಏನಂದ್ರಿ?" ಅಂದರು. "ಏನಿಲ್ಲ" ಅಂದೆ.

ತಳಮನೆಯ ವಿಷಯ ಓದಿದೆ.

ಯೋರುನ್

*

ಟ್ರೊನ್‌ಹೈಮ್
ನವೆಂಬರ್ 29

ಯೋರುನ್‌ಗೆ,

13.4 ಸರಿ. ಹತ್ತು ದಿನ ಬಿಟ್ಟು ಬೆಳಿಗ್ಗೆ ಚಾರ್ಜಿಗೆ ಮೊದಲು ಎಷ್ಟಿದೆ ನೋಡಿ ಬರೆ. ಕೇಬಲ್ಲಿನ ತಿರುಪು ಒಂದು ವಾರದ ಮೇಲೆ ಮತ್ತೊಮ್ಮೆ ಬಿಗಿ ಮಾಡಬೇಕು. ಎಷ್ಟು ಬಿಗಿ ಎಂದು ಬರೆದು ತಿಳಿಸುವುದು ಕಷ್ಟ, ಕೈಗೆ ಗೊತ್ತಾಗುವ ವಿಷಯ. ಬರ್ಗನ್ನಿಗೆ ರೈಲಿದೆ, ನನಗೆ ಬೇರೆ ಕೆಲಸವೂ ಇಲ್ಲ.

ಸರಿ, ಬರುವುದಿಲ್ಲ. ಬರೆಯುವ ಮೊದಲೇ ನಿನ್ನ ಮುಖ ಕಂಡಿತು.

ನಿನ್ನೆ ಗೋಡೆಯ ಪಾಚಿಯಂಥ ಹಸಿರು ಬಣ್ಣ ತಂದು ತಳಮನೆಗೆ ಬಳಿದೆ. ಅರ್ಧ ಗೋಡೆಯಾದ ಮೇಲೆ ಆ ಬಣ್ಣ ನಿನಗೆ ಆಗದು ಎಂದು ನೆನಪಾಯಿತು. ಆಗಿದ್ದು ಆಗಲಿ ಎಂದು ಉಳಿದರ್ಧವನ್ನೂ ಬಳಿದೆ.

ಐಲಿಫ್

*

ಕೌಟೊಕೈನೊ
ಡಿಸೆಂಬರ್ 3

ಅಕ್ಕಾ,

ಈ ಸಲ ಒಳಗೆ ಲಕೋಟೆ ಇಲ್ಲ. ಅವನಿಗೆ ಬರೆಯಲು ಏನೂ ತೋಚುತ್ತಿಲ್ಲ.

ಅಗ್ನಿಶಾಮಕ ಠಾಣೆಯಿಂದ ಗಾಡಿ ಹೊರತಂದ ಐದನೇ ದಿನ ಬೆಳಿಗ್ಗೆ ಫ್ಯಾನು ನಿಂತಿತು. ಹೊರಗೆ ಮೈನಸ್ ಇಪ್ಪತ್ತೆಂಟು. ದಿನವೂ ಐದರಿಂದ ಏಳರವರೆಗೆ ಪ್ಲಗ್ ಹಾಕಿದ್ದೆ, ಚಾರ್ಜರಿನ ಹಸಿರು ದೀಪವೂ ಉರಿದಿತ್ತು. ಆದರೆ ಬ್ಯಾಟರಿಗೆ ಒಂದು ಹನಿಯೂ ಹೋಗಿಲ್ಲ. ಕೊಟ್ಟಿದ್ದನ್ನು ಅದು ಬಾಯಿಬಿಟ್ಟು ತೆಗೆದುಕೊಳ್ಳುತ್ತಲೇ ಇಲ್ಲ. ಇದ್ದದ್ದನ್ನು ಖರ್ಚುಮಾಡಿ ಕೈಯೆತ್ತಿತು. ಗಾಡಿ ತಣ್ಣಗಾದದ್ದೇ ತಡ, ಹೆಪ್ಪುಗಟ್ಟಿ ಒಡೆಯದಿರಲೆಂದು ಬಿಸಿನೀರಿನ ತೊಟ್ಟಿ ತಾನೇ ಬಾಯಿ ತೆರೆದು ಇದ್ದ ನೀರನ್ನೆಲ್ಲ ಕೆಳಗೆ ಬಿಟ್ಟುಬಿಟ್ಟಿತು. ಈಗ ಗಾಡಿಯ ಕೆಳಗೆ ಒಂದು ಗಾಜಿನ ಕೊಳ. ಬೆರಿತ್ ಅದರ ಮೇಲೆ ಜಾರಿ ಬಿದ್ದಳು. ಮೇಲಧಿಕಾರಿಯನ್ನೇ ಬೀಳಿಸಿದೆ, ಒಂದೇ ವಾರದಲ್ಲಿ.

ಬಿದ್ದಲ್ಲಿಂದಲೇ ಕೇಳಿದಳು: "ಯೋರುನ್, ಇದ್ರಲ್ಲಿ ಹೆಂಗೆ ಇರ್ತೀಯ ನೀನು?"

"ಇರ್ತೀನಿ."

"ಇರ್ತೀನಿ ಅಂದ್ರೆ ಆಯ್ತಾ? ಬೆಳಿಗ್ಗೆ ನಿನ್ ಬೆರಳು ಮರಗಟ್ಟಿದ್ರೆ ಮುದುಕ್ರಿಗೆ ಸೂಜಿ ಯಾರು ಹಾಕೋದು?"

ಡ್ಯೂಟಿ ಡಾಕ್ಟರರ ಕೋಣೆಯಲ್ಲಿ ಮಲಗಲು ಬಿಟ್ಟಿದ್ದಾಳೆ, ಹದಿನಾರನೇ ತಾರೀಖಿನವರೆಗೆ. ಆಮೇಲೆ ಕ್ರಿಸ್‌ಮಸ್ ಪಾಳಿಯ ಡಾಕ್ಟರು ಬರುತ್ತಾರೆ. "ಅಷ್ಟರಲ್ಲಿ ಸರಿ ಮಾಡ್ಕೋ, ಇಲ್ಲಾಂದ್ರೆ ಊರಿಗೆ ಹೋಗು. ನಿನ್ ಮೇಲೆ ಸಿಟ್ಟಿಲ್ಲ ಕಣೇ, ನಿನ್ನ ಹೆಣ ಹೊರೋಕೆ ನನ್ ಹತ್ರ ಜನ ಇಲ್ಲ."

ಹದಿಮೂರು ದಿನ ಇದೆ. ಅವನು ಬಿಟ್ಟ ಆ ಸಾಲಿನಲ್ಲೇ ಇದರ ಉತ್ತರ ಇತ್ತು, ಅಷ್ಟು ನನಗೂ ಅರ್ಥವಾಗುತ್ತದೆ. ಕೇಳಿದರೆ ಮರುದಿನವೇ ಹೊರಡುತ್ತಾನೆ. ಬಂದವನನ್ನು ವಾಪಸು ಕಳಿಸುವಷ್ಟು ಕಸುವು ನನ್ನಲ್ಲಿಲ್ಲ. ಆ ಬಿಸಿನೆಲದ ತಳಮನೆಯಲ್ಲಿ ಹೋಗಿ ಮಲಗಿಬಿಡುತ್ತೇನೆ, ನಿಜ ಹೇಳುತ್ತೇನೆ, ಮೊದಲ ರಾತ್ರಿ ಚೆನ್ನಾಗಿಯೇ ನಿದ್ದೆ ಬರುತ್ತದೆ. ಅದೇ ಭಯ.

ಯೋರುನ್

*

ಓಸ್
ಡಿಸೆಂಬರ್ 8

ಐಲಿಫ್‌ಗೆ,

ನನ್ನ ತಂಗಿ ಬರ್ಗನ್ನಿನಲ್ಲಿಲ್ಲ. ಯಾವತ್ತೂ ಇರಲಿಲ್ಲ. ಕೌಟೊಕೈನೊದಲ್ಲಿದ್ದಾಳೆ, ಮೈನಸ್ ಇಪ್ಪತ್ತೆಂಟರಲ್ಲಿ. ನೀನು ಹೇಳಿದ ಬ್ಯಾಟರಿಯನ್ನು ನೀನು ಹೇಳಿದ ಪೆಟ್ಟಿಗೆಯಲ್ಲೇ ಇಟ್ಟಳು, ಈಗ ಅದು ಚಾರ್ಜ್ ಆಗುತ್ತಿಲ್ಲ. ಹದಿನಾರರ ಮೇಲೆ ಅವಳಿಗೆ ಮಲಗಲು ಜಾಗವಿಲ್ಲ. ಆರೋಗ್ಯ ಕೇಂದ್ರದ ವಿಳಾಸ ಕೆಳಗಿದೆ.

ಇದನ್ನು ಬರೆದದ್ದಕ್ಕೆ ಅವಳು ನನ್ನ ಜೊತೆ ಒಂದು ವರ್ಷ ಮಾತು ಬಿಡುತ್ತಾಳೆ. ಬಿಡಲಿ, ಬದುಕಿದ್ದು ಬಿಡಲಿ.

ನನ್ನ ಗಂಡ ಜಿಪುಣನಲ್ಲ. ಅದನ್ನೂ ತಿಳಿದುಕೊ.

ಓಲೌಗ್

*

ಟ್ರೊನ್‌ಹೈಮ್
ಡಿಸೆಂಬರ್ 13

ಯೋರುನ್‌ಗೆ, ಕೌಟೊಕೈನೊಗೆ,

ಓಲೌಗ್ ಬರೆದಳು. ಅವಳ ಮೇಲೆ ಸಿಟ್ಟಾಗಬೇಡ.

ಮೊದಲು, ನಾನು ಬಿಟ್ಟ ಸಾಲು: ಲಿಥಿಯಂ ಬ್ಯಾಟರಿ ಸೊನ್ನೆಗಿಂತ ತಣ್ಣಗಾದರೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಕೊಡುತ್ತದೆ, ಆದರೆ ತೆಗೆದುಕೊಳ್ಳುವುದಿಲ್ಲ. ಬಲವಂತ ಮಾಡಿದರೆ ಹಾಳಾಗುತ್ತದೆಂದು ಒಳಗಿನ ಕಾವಲು ಸರ್ಕೀಟು ಬಾಗಿಲು ಹಾಕಿಕೊಳ್ಳುತ್ತದೆ. ಕೆಟ್ಟಿಲ್ಲ, ಹೆದರಬೇಡ. ಬೆಚ್ಚಗಾದರೆ ಬಾಗಿಲು ತೆರೆಯುತ್ತದೆ. ಒಂದು ಸಾಲು. ಹಾಡಿಗೆ ಹದಿನಾಲ್ಕು ನುಡಿ ಕಟ್ಟುವವನು ಒಂದು ಸಾಲು ಉಳಿಸಿದೆ. ಯಾವ ಊರಿನಲ್ಲಿದ್ದರೂ ಬರೆಯಬೇಕಿತ್ತು, ತಪ್ಪು ನನ್ನದು.

ಎರಡನೆಯದು. ಕಾಗದ ಬಂದ ಅರ್ಧ ಗಂಟೆಯಲ್ಲಿ ಕಾರಿಗೆ ಎಲ್ಲ ತುಂಬಿದೆ. ಉಪಕರಣದ ಎರಡು ಪೆಟ್ಟಿಗೆ, ಕೇಬಲ್ಲು, ಒಳಗೇ ಹೀಟರ್ ಇರುವ ಬ್ಯಾಟರಿ ಒಂದನ್ನು ಅಂಗಡಿಯವನ ಮನೆಗೇ ಹೋಗಿ ತಂದೆ. ಉತ್ತರಕ್ಕೆ ಎರಡು ಗಂಟೆ, ಸ್ಟೈನ್‌ಶೇರ್‌ವರೆಗೆ ಓಡಿಸಿದೆ. ಪೆಟ್ರೋಲು ಬಂಕಿನಲ್ಲಿ ಸಾಸೇಜು ತಿನ್ನಲು ನಿಂತೆ. ಮಾರುವ ಹುಡುಗಿ, "ಎಲ್ಲಿಗೆ ಹೊರಟ್ರಿ ಅಜ್ಜ, ಇಷ್ಟ್ ಸಾಮಾನು ಹೇರ್ಕೊಂಡು?" ಅಂದಳು.

"ಹೆಂಡತಿಗೆ ಸಹಾಯ ಮಾಡೋಕೆ," ಅಂದೆ.

"ಅವ್ರು ಕರೆದ್ರಾ?"

ಸುಮ್ಮನೆ ಕೇಳಿದಳು, ಸಾಸೇಜಿಗೆ ಸಾಸಿವೆ ಹಾಕುತ್ತ. ದುಡ್ಡು ಕೊಟ್ಟು ಬಂದೆ. ಕಾರಿನಲ್ಲಿ ಕೂತು ಸಾಸೇಜು ಮುಗಿಸಿದೆ. ಆಮೇಲೆ ಕಾರು ತಿರುಗಿಸಿದೆ. ತುಂಬಿದ್ದನ್ನೆಲ್ಲ ಇಳಿಸಲು ಮೂರು ಗಂಟೆ ಹಿಡಿಯಿತು. ತುಂಬುವಾಗ ಅರ್ಧ ಗಂಟೆ, ನೋಡು.

ಬ್ಯಾಟರಿಯನ್ನು ಬೆಚ್ಚಗಿಡಬೇಕು, ಇಷ್ಟೇ ಹೇಳುತ್ತೇನೆ. ಹೇಗೆ ಎಂದು ಬರೆಯುವುದಿಲ್ಲ. ಬರೆಯಲು ಕೈ ತುರಿಸುತ್ತಿದೆ, ಪಕ್ಕದಲ್ಲಿ ನಕ್ಷೆಯೂ ಬಿಡಿಸಿಟ್ಟಿದ್ದೇನೆ, ಕಳಿಸುವುದಿಲ್ಲ. ಬೇಕೆಂದರೆ ಬರೆ, ಕಳಿಸುತ್ತೇನೆ. ನಾನು ಬರಬೇಕೆಂದರೂ ಬರೆ. ಏನೂ ಬರೆಯದಿದ್ದರೆ ಏನೂ ಬೇಡವೆಂದು ತಿಳಿಯುತ್ತೇನೆ, ಕಷ್ಟಪಟ್ಟು ತಿಳಿಯುತ್ತೇನೆ.

ಐಲಿಫ್

*

ಕೌಟೊಕೈನೊ
ಡಿಸೆಂಬರ್ 13

ಐಲಿಫ್,

ಮೇಲೆ ಬರೆದ ಊರಿನ ಹೆಸರು ಕೈತಪ್ಪಿ ಬಂದದ್ದಲ್ಲ. ನಾನು ಇಲ್ಲೇ ಇದ್ದೇನೆ, ಅಕ್ಟೋಬರಿನಿಂದ. ಬರ್ಗನ್ನಿನ ಮಳೆ, ಶೆಡ್ಡು, ಜಿಪುಣ ಭಾವ, ಎಲ್ಲ ಸುಳ್ಳು. ಹೇಳಿದ್ದರೆ ನೀನು ಬರುತ್ತಿದ್ದೆ, ನೀನು ಬಂದರೆ ನನಗೆ ಏನೂ ಬರುತ್ತಿರಲಿಲ್ಲ. ಈ ಕಾಗದ ಓದಿ ನೀನು ಸಿಟ್ಟಾಗಬಹುದು. ಅಂಚೆಗೆ ಎಷ್ಟು ದಿನ ಬೇಕೋ ಅಷ್ಟು ದಿನ ಸಿಟ್ಟಾಗಿರು.

ಬ್ಯಾಟರಿ ಚಾರ್ಜ್ ತೆಗೆದುಕೊಳ್ಳುವುದು ನಿಲ್ಲಿಸಿತ್ತು. ಎರಡು ವಾರಕ್ಕೂ ಮಿಕ್ಕಿ ಡಾಕ್ಟರರ ಕೋಣೆಯಲ್ಲಿ ಮಲಗಿದೆ. ಹೋದ ಶುಕ್ರವಾರ ರಾವ್ನಾಳ ಮನೆಯಲ್ಲಿದ್ದೆ. ಅವಳಿಗೆ ತೊಂಬತ್ತೊಂದು, ಮಕ್ಕಳು ಮೊಮ್ಮಕ್ಕಳು ಹಿಮಸಾರಂಗಗಳ ಹಿಂದೆ ಗುಡ್ಡದಲ್ಲಿದ್ದಾರೆ. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದೆ, ನನ್ನ ಮೊಬೈಲು ಹೊಡೆದುಕೊಂಡಿತು. ಕೋಟು, ಸ್ವೆಟರು, ಒಳಅಂಗಿ ದಾಟಿ ಎದೆಯೊಳಗಿಂದ ತೆಗೆದೆ. ಚಳಿಗೆ ಸಾಯುತ್ತದೆಂದು ಇಲ್ಲಿ ಎಲ್ಲರೂ ಅಲ್ಲೇ ಇಟ್ಟುಕೊಳ್ಳುತ್ತಾರೆ.

"ಯಾಕೆ ಮುಖ ಹಂಗಿದೆ?" ಅಂದಳು.

ಗಾಡಿಯ ಕಥೆ ಹೇಳಿದೆ.

"ಅದ್ರೊಳಗೆ ಇರೋದೂ ಈ ಮೊಬೈಲಲ್ಲಿ ಇರೋದೂ ಒಂದೇ ಜಾತೀನಾ?"

"ಹೆಚ್ಚುಕಮ್ಮಿ ಒಂದೇ."

"ಇದನ್ನ ಎದೇಲಿಟ್ಕೊಂಡು ಮುದ್ದು ಮಾಡ್ತೀಯ. ಅದರ ದೊಡ್ಡಣ್ಣನ್ನ ಹೊರಗೆ ಕಟ್ಟಿ ಹಾಕಿದ್ದೀಯ. ನಾಲ್ಕ್ ವರ್ಷ ಓದಿ ನರ್ಸಾಗಿದ್ದಲ್ವಾ ನೀನು? ನಮ್ ನಾಯಿಗೂ ಮರಿ ಹಾಕಿದಾಗ ಒಳಗೆ ತರ್ತೀವಿ ಕಣೇ. ಪಟ್ಟಿ ಸಡಿಲ ಆಯ್ತು, ಸರಿಯಾಗ್ ಕಟ್ಟು."

ಸರಿಯಾಗಿ ಕಟ್ಟಿದೆ. ಹೊರಬಂದು ಆರೋಗ್ಯ ಕೇಂದ್ರದ ಕಾರಿನಲ್ಲಿ ಕೂತು ನನ್ನ ಮೇಲೆ ನಾನೇ ನಕ್ಕೆ. ಅಷ್ಟು ಗಟ್ಟಿಯಾಗಿ ನಕ್ಕು ಬಹಳ ದಿನವಾಗಿತ್ತು, ಎರಡು ದಿನ ಪಕ್ಕೆ ನೋವಿತ್ತು. ಸೀಸ ಗಾಳಿ ಬಿಡುತ್ತದೆ, ಆದ್ದರಿಂದ ಹೊರಗೆ. ಇದು ಗಾಳಿಯನ್ನೇ ಬಿಡುವುದಿಲ್ಲ. ಮತ್ತೆ ಹೊರಗೇಕೆ ಇಟ್ಟೆ? ಹಳೆಯದು ಅಲ್ಲಿತ್ತು, ಅದಕ್ಕೆ. ನೀನೂ ಅದಕ್ಕೇ ಅಲ್ಲಿಡು ಅಂದೆ. ಇಪ್ಪತ್ತಾರು ವರ್ಷದ ಅಭ್ಯಾಸ ಇಬ್ಬರದೂ.

ಶನಿವಾರ, ಭಾನುವಾರ, ನಿನ್ನೆ, ಮೂರು ದಿನ ಹಿಡಿಯಿತು. ಬ್ಯಾಟರಿ ಈಗ ಒಳಗಿದೆ, ಊಟದ ಬೆಂಚಿನಡಿ, ಬಿಸಿಗಾಳಿಯ ಕೊಳವೆಯ ಪಕ್ಕ. ಫ್ಯೂಸನ್ನೂ ಅದರ ಜೊತೆಗೇ ಒಳಗೆ ತಂದೆ, ಒಂದು ಗೇಣು ದೂರಕ್ಕೆ. ಉದ್ದದ ಕೇಬಲ್ಲಿಗೆ ತುದಿ ಕಚ್ಚಿಸಿಕೊಟ್ಟವನು ಅಗ್ನಿಶಾಮಕದ ಐಸಾಕ್, ಉಳಿದದ್ದು ನಾನು. ಐಸಾಕ್‌ನ ಡೀಸೆಲ್ ಹೀಟರ್ ತಂದು ನಿನ್ನೆ ನಸುಕಿನ ಎರಡಕ್ಕೇ ಗಾಡಿಯೊಳಗೆ ಹಚ್ಚಿ ಮೂರು ಗಂಟೆ ಉರಿಸಿದೆ. ಬ್ಯಾಟರಿಯ ಮೈ ಎಂಟು ಡಿಗ್ರಿಗೆ ಬಂತು. ಐದಕ್ಕೆ ಕರೆಂಟು ಬಂತು, ಪ್ಲಗ್ ಹಾಕಿದೆ. ಮೂವತ್ತು ಆಂಪಿಯರ್ ಒಳಗೆ ಹೋಗತೊಡಗಿತು. ಅಂಕಿ ನೋಡುತ್ತ ನಿಂತೇ ಇದ್ದೆ, ನಮ್ಮ ಮೇಲಧಿಕಾರಿ ಬೆರಿತ್ ಬಂದು ಬಾಗಿಲಲ್ಲಿ ಇಣುಕಿದಳು. ಹೋದ ಸಲ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಿದ್ದಳು, ಈ ಸಲ ಕಾಲಿಡುವಲ್ಲಿ ಉಪ್ಪು ಸುರಿದಿದ್ದೆ.

ಇವತ್ತು ಬೆಳಿಗ್ಗೆ ಚಾರ್ಜಿಗೆ ಮೊದಲು 13.2, ಆಮೇಲೆ 13.4. ನಾಳೆ ಡಾಕ್ಟರರ ಕೋಣೆ ಖಾಲಿ ಮಾಡುತ್ತೇನೆ, ಎರಡು ದಿನ ಮೊದಲೇ.

ತಳಮನೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡು, ಐಲಿಫ್. ಬಣ್ಣ ಚೆನ್ನಾಗಿಯೇ ಇರುತ್ತದೆ. ನಾನು ಬರುವುದಿಲ್ಲ. ನಿನ್ನ ಮೇಲೆ ಸಿಟ್ಟಿಗಲ್ಲ. ಸಿಟ್ಟೆಲ್ಲ ಬೇಸಿಗೆಯಲ್ಲೇ ಮುಗಿಯಿತು, ಈಗ ಬರೀ ಸುಸ್ತು, ಅದೂ ದುಡಿದ ಸುಸ್ತು.

ಯೋರುನ್

*

ಟ್ರೊನ್‌ಹೈಮ್
ಜನವರಿ 4

ಯೋರುನ್‌ಗೆ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಎದುರುಬದುರು ಹಾದುಹೋಗಿವೆ. ನನ್ನದು ನಿನಗೆ ತಲುಪಿದಾಗ ನಿನಗೆ ಅದರ ಅಗತ್ಯ ಮುಗಿದಿತ್ತು. ಒಳ್ಳೆಯದೇ ಆಯಿತು.

ತಳಮನೆಗೆ ಇಬ್ಬರು ವಿದ್ಯಾರ್ಥಿನಿಯರು ಬಂದಿದ್ದಾರೆ, ಒಬ್ಬಳು ತುತ್ತೂರಿ ಊದುತ್ತಾಳೆ. ನಾನು ಮೇಲೆ ಕೂತು ಅವಳ ತಪ್ಪು ಸ್ವರ ಎಣಿಸುತ್ತೇನೆ, ಕೆಳಗೆ ಹೋಗಿ ಹೇಳುವುದಿಲ್ಲ. ಕ್ರಿಸ್‌ಮಸ್ಸಿಗೆ ಅವರೇ ಕರೆದರು, ಹಬ್ಬದ ಹಾಲುಗಂಜಿ ಕುಡಿದು ಬಂದೆ.

ನಿನ್ನ ಕಾಗದವನ್ನು ಪೆನ್ಸಿಲ್ ಹಿಡಿದು ಓದಿದೆ, ತಪ್ಪು ಸಿಕ್ಕಿದರೆ ಗುರುತು ಹಾಕೋಣವೆಂದು. ಫ್ಯೂಸು ಗೇಣು ದೂರದಲ್ಲಿದೆಯೇ ಎಂದು ಬರೆಯಹೊರಟೆ, ಮುಂದಿನ ಸಾಲಿನಲ್ಲಿ ನೀನೇ ಬರೆದಿದ್ದೆ. ಪೆನ್ಸಿಲ್ ಕೆಳಗಿಟ್ಟೆ.

ಆದರೆ ಒಂದು ವಿಷಯ ತಿಳಿಯುತ್ತಿಲ್ಲ. ಆ ಹೊರಪೆಟ್ಟಿಗೆಗೂ ಬೆಂಚಿಗೂ ನಡುವಿನ ಗೋಡೆ ನಾನೇ ಕಟ್ಟಿದ್ದು. ಎರಡು ಪದರ ಹಲಗೆ, ನಡುವೆ ಉಣ್ಣೆ. ಕೊರೆದರೆ ಬಿಸಿಗಾಳಿಯ ಕೊಳವೆ ಒಡೆಯುತ್ತದೆ, ಕೊರೆಯದಿದ್ದರೆ ದಾರಿಯೇ ಇಲ್ಲ. ಬೆರಳುಗಾತ್ರದ ಎರಡು ಕೇಬಲ್ ಎಲ್ಲಿಂದ ದಾಟಿಸಿದೆ? ನಾಲ್ಕು ದಿನದಿಂದ ಕಾಗದದ ಮೇಲೆ ಗೀಚುತ್ತಿದ್ದೇನೆ, ಹೊಳೆಯುತ್ತಿಲ್ಲ.

ಹೇಗೆ ಮಾಡಿದೆ? ಹೇಳಿಕೊಡು.

ಐಲಿಫ್

*

ಕೌಟೊಕೈನೊ
ಜನವರಿ 16

ಐಲಿಫ್,

ನಿನ್ನ ಕಾಗದ ಓದಿ ಲಕೋಟೆ ತಿರುಗಿಸಿ ನೋಡಿದೆ, ಕಳಿಸಿದವನು ನೀನೇ ಹೌದೋ ಎಂದು.

ಗೋಡೆ ಕೊರೆಯಲಿಲ್ಲ. ನೀರಿನ ತೊಟ್ಟಿ ಖಾಲಿ ಮಾಡುವ ಪೈಪು ಬೆಂಚಿನಡಿಯಿಂದ ನೆಲ ತೂರಿ ಹೋಗುತ್ತದಲ್ಲ. ಚಳಿಗೆ ಬಿಸಿನೀರಿನ ತೊಟ್ಟಿ ತಾನೇ ಖಾಲಿಯಾದಾಗಿನಿಂದ ನಾನು ಕ್ಯಾನಿನ ನೀರು ಬಳಸುವುದು, ಆ ಪೈಪಿಗೆ ಕೆಲಸವಿಲ್ಲ. ಅದನ್ನು ಹೊರಗೆಳೆದರೆ ಎರಡು ಕೇಬಲ್ಲಿಗೆ ಸಾಕಾಗುವ ತೂತು ಸಿಗುತ್ತದೆ. ನೆಲದಡಿಯಿಂದ ಹೊರಪೆಟ್ಟಿಗೆಗೆ ಒಂದೂವರೆ ಅಡಿ. ಕೇಬಲ್ಲು ಬಾಗದೆ ಹಟ ಮಾಡಿತು. ಗಾಯಕ್ಕೆ ಸುತ್ತುವ ಬ್ಯಾಂಡೇಜಿನ ತುದಿಗೆ ಒಂದು ನಟ್ಟು ಕಟ್ಟಿ ಮೇಲಿಂದ ಇಳಿಬಿಟ್ಟೆ. ಹಿಮದಲ್ಲಿ ಅಂಗಾತ ಮಲಗಿ ಕೆಳಗಿಂದ ಹಿಡಿದೆ. ಕೇಬಲ್ಲನ್ನು ಅದಕ್ಕೆ ಕಟ್ಟಿ, ಮೇಲೆ ಹೋಗಿ, ನಿಧಾನ ಎಳೆದುಕೊಂಡೆ. ಕಬ್ಬಿಣದ ಅಂಚು ಉಜ್ಜದಿರಲೆಂದು ತೂತಿನೊಳಗೆ ದಪ್ಪ ರಬ್ಬರು ತೊಡಿಸಿದೆ, ಸಂದಿಗೆ ಮೇಣ ತುಂಬಿದೆ. ಮೂತ್ರನಾಳಕ್ಕೆ ಕೊಳವೆ ಹಾಕಲು ಬಂದವರಿಗೆ ಇದು ಕಷ್ಟವಲ್ಲ. ಎರಡಕ್ಕೂ ಅವಸರ ಮಾಡಬಾರದು, ಬಲವಂತ ಮಾಡಬಾರದು, ಕೆಳಗೆ ಮಲಗಿದವರ ಜೊತೆ ಮಾತಾಡುತ್ತಿರಬೇಕು. ಇಲ್ಲಿ ಕೆಳಗೆ ಮಲಗಿದವಳೂ ನಾನೇ, ಆದ್ದರಿಂದ ನನ್ನ ಜೊತೆಗೇ ಮಾತಾಡಿದೆ.

ಹಿಂಬದಿಯಲ್ಲಿ ಚಿತ್ರ ಬಿಡಿಸಿದ್ದೇನೆ. ಬಾಣದ ಗುರುತು ಇರುವುದು ಪೈಪಿನ ತೂತು. ಪ್ರತಿ ವೈರಿಗೂ ಹೆಸರಿನ ಚೀಟಿ ಅಂಟಿಸಿದ್ದೇನೆ, ಅದನ್ನೂ ಚಿತ್ರದಲ್ಲಿ ಬರೆದಿದ್ದೇನೆ.

ಬೆರಿತ್ ಕೆಲಸವನ್ನು ಜೂನ್‌ವರೆಗೆ ಮುಂದುವರಿಸುವೆಯಾ ಎಂದು ಕೇಳಿದಳು. ಹ್ಞೂಂ ಅಂದೆ. ಏಳಕ್ಕೆ ಪಾಳಿ, ಹೊರಡಬೇಕು.

ನಿನ್ನ ಪ್ರಶ್ನೆ ಬಂದು ಎರಡು ದಿನವಾಯಿತು. ಉತ್ತರ ಆಗಲೇ ಗೊತ್ತಿತ್ತು. ಬರೆಯದೆ ಸುಮ್ಮನೆ ಇಟ್ಟುಕೊಂಡಿದ್ದೆ, ಖುಷಿಗೆ.

ಯೋರುನ್